ಖಾಲಿ ಕೊಡ ಮತ್ತು ಲೆಕ್ಕದ ಪುಸ್ತಕ

ಬೇಸಿಗೆ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಚಿತ್ರ ತಪ್ಪುವುದಿಲ್ಲ. ಪಂಚಾಯಿತಿ ಕಚೇರಿಯ ಮುಂದೆ ಖಾಲಿ ಕೊಡಗಳ ಸಾಲು, ಹಿಂದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತ ಹೆಂಗಸರು, ಪಕ್ಕದಲ್ಲಿ ಮನವಿಪತ್ರ ಹಿಡಿದ ನಾಲ್ಕು ಮಂದಿ ಮುಖಂಡರು. ಮರುದಿನ ಟ್ಯಾಂಕರ್ ಬರುತ್ತದೆ. ಒಂದು ವಾರ ಬರುತ್ತದೆ. ಅಷ್ಟರಲ್ಲಿ ಮಳೆ ಹಿಡಿಯುತ್ತದೆ, ಎಲ್ಲರೂ ಮರೆಯುತ್ತಾರೆ. ಮುಂದಿನ ಬೇಸಿಗೆಗೆ ಅದೇ ಕೊಡ, ಅದೇ ಚಿತ್ರ.

ಅಳದ ಮಗುವಿಗೆ ತಾಯಿಯೂ ಹಾಲು ಕೊಡುವುದಿಲ್ಲ ಎಂಬ ಗಾದೆಯಿದೆ. ಖಾಲಿ ಕೊಡದ ಮೆರವಣಿಗೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಅಳುವ ಮಗುವಿಗೆ ಹಸಿವೋ ಹೊಟ್ಟೆನೋವೋ ಎಂಬುದು ತಿಳಿಯದಿದ್ದರೆ ತಾಯಿಯಾದರೂ ಏನು ಮಾಡಿಯಾಳು? ನಮ್ಮ ಬಹುಪಾಲು ಮನವಿಪತ್ರಗಳ ಪಾಡು ಇದೇ. ‘ನಮ್ಮ ಬೀದಿಗೆ ಕೆಟ್ಟ ನೀರು ಬರುತ್ತಿದ್ದು, ಮಾನ್ಯರು ಕೂಡಲೇ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.’ ಯಾವ ಮನೆಗೆ? ಯಾವ ದಿನ? ಎಂಥ ಕೆಟ್ಟ ನೀರು? ಅರ್ಜಿಯಲ್ಲಿ ಇಲ್ಲ. ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’ ಎಂದು ಉತ್ತರ ಬರುತ್ತದೆ. ಪ್ರಶ್ನೆ ಎಷ್ಟು ಸ್ಪಷ್ಟವೋ ಉತ್ತರವೂ ಅಷ್ಟೇ ಸ್ಪಷ್ಟ!

ನಾನು ಪಾಠ ಹೇಳುವ ಊರಿನಲ್ಲಿ ಒಂದು ಬೀದಿಯ ಮಕ್ಕಳು ಮಳೆಗಾಲದುದ್ದಕ್ಕೂ ಸರದಿಯ ಮೇಲೆ ವಾಂತಿಭೇದಿಯೆಂದು ಗೈರುಹಾಜರಾಗುತ್ತಿದ್ದರು. ದಿನವೂ ಹಾಜರಿ ಕರೆಯುವ ಮೇಷ್ಟರ ಕಣ್ಣಿಗೆ ಇದು ಬೀಳದೆ ಇರುತ್ತದೆಯೇ? ಒಂಬತ್ತನೇ ತರಗತಿಯವರ ಕೈಗೆ ನೀರಿನ ಪರೀಕ್ಷೆಯ ಪುಟ್ಟ ಬಾಟಲಿಗಳನ್ನು ಕೊಟ್ಟೆವು. ಬೀದಿಯ ಮೇಲ್ತುದಿಯಿಂದ ಕೆಳತುದಿಯವರೆಗೆ ಎರಡು ಮನೆಗೊಂದರಂತೆ ನಲ್ಲಿ ನೀರು ಹಿಡಿದು, ಬಾಟಲಿಯ ಮೇಲೆ ಮನೆಯ ಸಂಖ್ಯೆ, ತಾರೀಖು, ಹೊತ್ತು ಬರೆದು ಪ್ರಯೋಗಾಲಯದ ಕಪಾಟಿನಲ್ಲಿ ಇಟ್ಟರು. ಎರಡು ದಿನ ಕಳೆಯುವಷ್ಟರಲ್ಲಿ ಮೇಲಿನ ಅರ್ಧ ಬೀದಿಯ ಬಾಟಲಿಗಳು ಇದ್ದಂತೆಯೇ ಇದ್ದವು. ಕೆಳಗಿನ ಅರ್ಧದವು ಇದ್ದಿಲಿನಂತೆ ಕಪ್ಪಾಗಿದ್ದವು.

ಮಕ್ಕಳು ಬೀದಿಯ ನಕ್ಷೆ ಬರೆದು, ಕಪ್ಪಾದ ಮನೆಗಳಿಗೆ ಕಪ್ಪು ಚುಕ್ಕೆ ಇಟ್ಟರು. ನಕ್ಷೆ ಹಿಡಿದು ಹೋದಾಗ ವಾರ್ಡಿನ ಸದಸ್ಯರಿಗೆ ಮೊದಲು ಸಿಟ್ಟೇ ಬಂತು. ‘ಏನ್ ಮೇಷ್ಟ್ರೇ, ಪಾಠ ಬಿಟ್ಟು ಮಕ್ಕಳ ಕೈಲಿ ಇದೇನು ಮಾಡಿಸ್ತಿದೀರಿ?’ ಎಂದರು. ಆದರೆ ಪಕ್ಕದಲ್ಲಿದ್ದ ನೀರುಗಂಟಿ ಬಗ್ಗಿ ನೋಡಿ, ಚುಕ್ಕೆ ಶುರುವಾಗುವ ಜಾಗದ ಮೇಲೆ ಬೆರಳಿಟ್ಟ. ‘ಇಲ್ಲೇ ಸಾರ್, ಚರಂಡಿ ಒಳಗೆ ಹಾದು ಹೋಗಿರೋ ಪೈಪು.’ ಆ ಜಾಗ ಅಗೆಸಿದಾಗ ಜೋಡಣೆ ಬಿಟ್ಟಿದ್ದು ಕಂಡಿತು. ದುರಸ್ತಿಯಾಗಿ ಪೈಪು ತೊಳೆದ ಮೇಲೆ ಅದೇ ಮನೆಗಳಿಂದ ಮತ್ತೆ ನೀರು ಹಿಡಿದೆವು. ಈ ಸಲ ಬಾಟಲಿಗಳು ಕಪ್ಪಾಗಲಿಲ್ಲ. ಈ ಎರಡನೆಯ ಪರೀಕ್ಷೆ ಬಹು ಮುಖ್ಯ. ಕೆಲಸ ಆಗಿದೆ ಎಂಬುದು ಕಾಗದದ ಮಾತು. ಕೆಲಸ ಫಲಿಸಿದೆಯೇ ಎಂಬುದನ್ನು ನೀರೇ ಹೇಳಬೇಕು.

ಚರಂಡಿಯ ಕೊಳೆ ನೀರಿನ ಪೈಪಿಗೆ ನುಗ್ಗುವುದು ಹೇಗೆ ಎಂದು ಮಕ್ಕಳು ಕೇಳಿದರು. ಒಳ್ಳೆಯ ಪ್ರಶ್ನೆ. ನೀರು ಬಿಟ್ಟಾಗ ಪೈಪಿನೊಳಗಿನ ಒತ್ತಡ ಹೆಚ್ಚು. ಬಿರುಕಿನಿಂದ ನೀರು ಹೊರಗೆ ಚಿಮ್ಮುತ್ತದೆ. ನೀರು ನಿಲ್ಲಿಸಿದಾಗ ಒತ್ತಡ ಕುಸಿಯುತ್ತದೆ, ಕೆಳಗಿನ ಮನೆಯವರು ಮೋಟಾರ್ ಹಾಕಿ ಎಳೆದರಂತೂ ಪೈಪು ಹೊರಗಿನದನ್ನು ಹೀರತೊಡಗುತ್ತದೆ. ಎರಡು ದಿನಕ್ಕೊಮ್ಮೆ, ಮೂರು ದಿನಕ್ಕೊಮ್ಮೆ ನೀರು ಬಿಡುವ ಊರುಗಳಲ್ಲಿ ಈ ಅಪಾಯ ಹೆಚ್ಚು. ನೀರು ಬಂದ ಮೊದಲ ಕೆಲವು ನಿಮಿಷ ಕೆಂಪಗೋ ವಾಸನೆಯಾಗಿಯೋ ಬರುವುದನ್ನು ಎಲ್ಲರೂ ನೋಡಿದ್ದೇವೆ.

ಬಾಟಲಿಯಲ್ಲಿ ಯಾವ ಮಾಯವೂ ಇಲ್ಲ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯಲ್ಲಿದ್ದ ಮಂಜ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ವಿಧಾನವಿದು. ಮಲದಿಂದ ಬರುವ ಅನೇಕ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಅನಿಲ ಬಿಡುತ್ತವೆ. ಬಾಟಲಿಯೊಳಗಿನ ಕಾಗದದಲ್ಲಿರುವ ಕಬ್ಬಿಣದ ಅಂಶದೊಡನೆ ಅದು ಸೇರಿದಾಗ ಕಪ್ಪು ಬಣ್ಣ ಬರುತ್ತದೆ. ಕರೆಂಟು ಬೇಡ, ದುಬಾರಿ ಉಪಕರಣ ಬೇಡ. ಇದು ಎಚ್ಚರಿಕೆಯ ಗಂಟೆ ಮಾತ್ರ, ಅಂತಿಮ ತೀರ್ಪಲ್ಲ. ಖಚಿತಪಡಿಸಲು ಪ್ರಯೋಗಾಲಯಕ್ಕೆ ಕಳಿಸಬೇಕು. ಕಪ್ಪಾದ ಬಾಟಲಿಗೆ ಬ್ಲೀಚಿಂಗ್ ಪೌಡರ್ ದ್ರಾವಣ ಹಾಕಿಯೇ ಚೆಲ್ಲಬೇಕು, ಮರೆಯಬೇಡಿ.

ಬೀದಿಯ ನಲ್ಲಿಗೇನೋ ಸರಿ, ದೊಡ್ಡ ವಿಷಯಗಳಿಗೆ ಈ ಲೆಕ್ಕಾಚಾರ ನಡೆದೀತೇ ಎಂದು ನೀವು ಕೇಳಬಹುದು. ಉತ್ತರ ಕನ್ನಡದ ಬೇಡ್ತಿ ನದಿಯನ್ನು ನೆನೆಸಿಕೊಳ್ಳಿ. ಅದಕ್ಕೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆ ಬಂದಾಗ ಕಾಡು, ಅಡಿಕೆ ತೋಟ, ಮನೆಮಠ ಮುಳುಗುವ ಭಯ ಎದುರಾಯಿತು. ಜನ ಪ್ರತಿಭಟಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘ 1981ರ ಜನವರಿಯಲ್ಲಿ ವಿಜ್ಞಾನಿಗಳನ್ನೂ ತಜ್ಞರನ್ನೂ ಕರೆಸಿ ವಿಚಾರ ಸಂಕಿರಣವನ್ನೇ ನಡೆಸಿತು. ಯೋಜನೆಯ ಖರ್ಚೆಷ್ಟು, ಲಾಭವೆಷ್ಟು, ಮುಳುಗುವ ಕಾಡಿನ ಬೆಲೆಯನ್ನು ಲೆಕ್ಕಕ್ಕೆ ಹಿಡಿದಿದ್ದಾರೆಯೇ ಎಂದು ಸರ್ಕಾರದ ಅಂಕಿಗಳನ್ನೇ ಇಟ್ಟುಕೊಂಡು ಕೇಳಿದರು. ಯೋಜನೆ ಕೊನೆಗೆ ಮೂಲೆ ಸೇರಿತು. ಅಡಿಕೆ ಮಾರಾಟದ ಲೆಕ್ಕ ಬರೆಯುವ ಸಂಘವೊಂದು ಅಣೆಕಟ್ಟಿನ ಲೆಕ್ಕವನ್ನೂ ಕೇಳಿತು ನೋಡಿ, ಅದು ದೊಡ್ಡದು.

ಕೆಲವು ಕೇಡುಗಳಂತೂ ಅಳೆಯದೆ ಕಾಣುವುದೇ ಇಲ್ಲ. ಕೋಲಾರ, ತುಮಕೂರು, ಕೊಪ್ಪಳ, ರಾಯಚೂರು ಮೊದಲಾದ ಜಿಲ್ಲೆಗಳ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ಮೂಲವೇ ಇಲ್ಲವಾದರೆ 1.5 ಮಿಲಿಗ್ರಾಂವರೆಗೆ. ಹಲ್ಲು ಮೂಡುವ ವಯಸ್ಸಿನಲ್ಲಿ ಬಿದ್ದ ಕಲೆ ಬಾಳಿಡೀ ಉಳಿಯುತ್ತದೆ. ವರ್ಷಗಟ್ಟಲೆ ಕುಡಿದವರ ಮೂಳೆ ಬಿರುಸಾಗಿ ಬೆನ್ನು ಬಾಗಿದ ಮೇಲೆ ಯಾವ ಧರಣಿಯೂ ಅದನ್ನು ನೆಟ್ಟಗೆ ಮಾಡಲಾರದು. ಇಂಥ ಕಡೆ ಜನ ಕೂಗುವವರೆಗೆ ಕಾಯುವುದೆಂದರೆ ಒಂದು ತಲೆಮಾರಿನ ಮಕ್ಕಳನ್ನು ಬಲಿ ಕೊಟ್ಟಂತೆಯೇ.

ಕೇಳುವ ಹಕ್ಕು ನಮಗಿದೆ. ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕೆಂದು ಕರ್ನಾಟಕದ 1993ರ ಪಂಚಾಯತ್ ರಾಜ್ ಕಾನೂನು ಹೇಳುತ್ತದೆ. 2005ರ ಮಾಹಿತಿ ಹಕ್ಕು ಕಾನೂನಿನಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಇಲ್ಲೊಂದು ಕಿವಿಮಾತು: ‘ನೀರು ಯಾಕೆ ಕೆಟ್ಟಿದೆ?’ ಎಂದು ಕೇಳಬೇಡಿ; ಅದಕ್ಕೆ ಉತ್ತರಿಸುವ ಕಡತವಿರುವುದಿಲ್ಲ. ‘ನಮ್ಮ ವಾರ್ಡಿನ ನೀರಿನ ಕಳೆದ ವರ್ಷದ ಪರೀಕ್ಷಾ ವರದಿಗಳ ಪ್ರತಿ ಕೊಡಿ’ ಎಂದು ಕೇಳಿ. ವರದಿಯಿದ್ದರೆ ಕೈಗೆ ಬರುತ್ತದೆ. ಇಲ್ಲದಿದ್ದರೆ ‘ಇಲ್ಲ’ ಎಂಬ ಮಾತು ಮೊಹರಿನೊಂದಿಗೆ ಬರುತ್ತದೆ. ಅದೂ ಒಂದು ವರದಿಯೇ. ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕೂ ಈ ಕಾನೂನಿನಲ್ಲಿದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ.

ಲೆಕ್ಕ ಹಿಡಿದು ಹೋದವರಿಗೆಲ್ಲ ಕುರ್ಚಿ ಹಾಕುತ್ತಾರೆ ಎಂದು ನಾನು ಹೇಳುವುದಿಲ್ಲ. ತಕರಾರಿನ ಮನುಷ್ಯ ಎಂಬ ಬಿರುದು ಉಚಿತವಾಗಿ ಸಿಗುತ್ತದೆ. ಅದಕ್ಕೇ ಒಬ್ಬರೇ ಹೋಗಬೇಡಿ. ಬೀದಿಯ ಹತ್ತು ಮನೆಯವರು ಸಹಿ ಹಾಕಿದ ಲೆಕ್ಕಕ್ಕೆ ಇರುವ ತೂಕ ಒಬ್ಬ ಮೇಷ್ಟರ ಲೆಕ್ಕಕ್ಕಿಲ್ಲ. ಕಚೇರಿಯಲ್ಲಿರುವವರೂ ನಮ್ಮ ನಿಮ್ಮಂಥವರೇ. ಮೇಲಿನವರಿಗೆ ಬರೆಯಲು ಕೈಗೊಂದು ಆಧಾರ ಸಿಕ್ಕರೆ ಸಾಕು ಎಂದು ಕಾಯುವ ಒಳ್ಳೆಯ ಇಂಜಿನಿಯರುಗಳಿದ್ದಾರೆ. ಆ ನೀರುಗಂಟಿಗೆ ಪೈಪಿನ ಜಾಡು ಮೊದಲಿನಿಂದಲೂ ಗೊತ್ತಿತ್ತು. ಆವರೆಗೆ ಅವನನ್ನು ಯಾರೂ ಕೇಳಿರಲಿಲ್ಲ, ಅಷ್ಟೆ.

ಇನ್ನು ಲೆಕ್ಕದ ಪುಸ್ತಕ ಯಾರ ಕೈಯಲ್ಲಿರಬೇಕು? ನೀರು ಯಾವ ಹೊತ್ತಿಗೆ ಬಂತು, ಎಷ್ಟು ಕೊಡ ತುಂಬಿತು, ಯಾವ ದಿನ ವಾಸನೆ ಬಂತು ಎಂಬುದೆಲ್ಲ ಹೆಂಗಸರಿಗೆ ಬಾಯಿಪಾಠ; ಬರೆದಿಡುವುದೊಂದು ಬಾಕಿ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಪರೀಕ್ಷಾ ಪೆಟ್ಟಿಗೆಯಿಂದ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ಮುಂದಿನ ಗ್ರಾಮಸಭೆಗೆ ಹೋದಾಗ ಮೂರೇ ಪ್ರಶ್ನೆ ಕೇಳಿ: ನಮ್ಮ ಹಳ್ಳಿಯ ಆ ಐವರು ಯಾರು? ಪೆಟ್ಟಿಗೆ ಎಲ್ಲಿದೆ? ಕೊನೆಯ ಪರೀಕ್ಷೆಯಲ್ಲಿ ಏನು ಬಂತು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಕೊಂಡೇ ಎದ್ದು ಬನ್ನಿ.