ಎಂಟು ತಲೆ ಹಿಂದಿನ ಅಜ್ಜ

ಮಕ್ಕಳೇ, ನಿಮ್ಮ ಹೆಸರಿನ ಜೊತೆ ಒಂದೆರಡು ಇನಿಷಿಯಲ್ ಇರುತ್ತವಲ್ಲ, ಅವು ಯಾರವು ಗೊತ್ತೇ? ಮೊನ್ನೆ ಶಾಲೆಯ ಅರ್ಜಿ ತುಂಬುತ್ತಾ ನನ್ನ ಮೊಮ್ಮಗಳು ಇದನ್ನೇ ಕೇಳಿದಳು. “ಒಂದು ನಮ್ಮೂರು, ಇನ್ನೊಂದು ನಿಮ್ಮಪ್ಪ” ಎಂದೆ. ಹೀಗೆ ಊರನ್ನೂ ಅಪ್ಪನನ್ನೂ ಹೆಸರಿನಲ್ಲೇ ಹೊತ್ತು ಸಮುದ್ರ ದಾಟಿದ ಒಬ್ಬನ ಕಥೆಯನ್ನು ಅವಳಿಗೆ ಹೇಳಿದೆ. ನೀವೂ ಕೇಳಿ.

ಸುಮಾರು 1650ರ ಹೊತ್ತಿಗೆ ಹಾಲೆಂಡಿನಿಂದ ಒಬ್ಬ ಹಡಗು ಹತ್ತಿ ಅಮೆರಿಕಕ್ಕೆ ಬಂದ. ಅಲ್ಲಿ ಲೆನಾಪೆ ಎಂಬ ಮೂಲನಿವಾಸಿಗಳ ನೆಲದಲ್ಲಿ ಡಚ್ಚರು ನ್ಯೂ ಆಮ್‌ಸ್ಟರ್‌ಡ್ಯಾಮ್ ಎಂಬ ಊರು ಕಟ್ಟಿಕೊಂಡಿದ್ದರು. 1664ರಲ್ಲಿ ಇಂಗ್ಲಿಷರ ಕೈಗೆ ಹೋಗಿ ಅದೇ ನ್ಯೂಯಾರ್ಕ್ ಆಯಿತು. ಬಂದವನ ಹೆಸರು ಕ್ಲಾಸ್ ಮಾರ್ಟೆನ್‌ಸೆನ್ ವಾನ್ ರೋಸೆನ್‌ವೆಲ್ಟ್. ಉದ್ದವಾಯಿತೇ? ಬಿಡಿಸಿ ನೋಡಿ: ಕ್ಲಾಸ್ ಅವನ ಹೆಸರು. ಮಾರ್ಟೆನ್‌ಸೆನ್ ಎಂದರೆ ಮಾರ್ಟೆನ್ನನ ಮಗ. ವಾನ್ ರೋಸೆನ್‌ವೆಲ್ಟ್ ಎಂದರೆ ಗುಲಾಬಿ ಬಯಲಿನವನು. ನಮ್ಮ ಲೆಕ್ಕವೇ ಅಲ್ಲವೇ!

ಕ್ಲಾಸನ ಮಗ ನಿಕೋಲಸ್. ಅವನ ದೀಕ್ಷಾಸ್ನಾನ 1658ರಲ್ಲಿ ಆ ಊರಿನ ಚರ್ಚಿನಲ್ಲಿ ನಡೆಯಿತು. ಉದ್ದ ಹೆಸರು ಇವನ ಕಾಲಕ್ಕೆ ಸವೆದು ‘ರೂಸ್‌ವೆಲ್ಟ್’ ಆಯಿತು. ನಿಕೋಲಸನ ಮಕ್ಕಳಲ್ಲಿ ಯೋಹಾನೆಸ್, ಯಾಕೋಬಸ್ ಎಂಬ ಇಬ್ಬರು ಅಣ್ಣತಮ್ಮಂದಿರು. ಅಣ್ಣನ ವಂಶದಲ್ಲಿ ಥಿಯೋಡರ್ ರೂಸ್‌ವೆಲ್ಟ್ ಹುಟ್ಟಿ 1901ರಲ್ಲಿ ಅಮೆರಿಕದ ಅಧ್ಯಕ್ಷರಾದರು. ತಮ್ಮನ ವಂಶದಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಹುಟ್ಟಿ 1933ರಲ್ಲಿ ಅಧ್ಯಕ್ಷರಾದರು. ಕ್ಲಾಸನನ್ನು ಒಂದು ಎಂದು ಎಣಿಸಿದರೆ ಇಬ್ಬರೂ ಎಂಟನೇ ತಲೆ!

1905ರಲ್ಲಿ ಎರಡು ಕವಲು ಮತ್ತೆ ಕೂಡಿದವು. ಥಿಯೋಡರರ ತಮ್ಮನ ಮಗಳು ಎಲೀನರ್ ಮದುವೆಯಾದದ್ದು ಫ್ರಾಂಕ್ಲಿನ್ನರನ್ನು. ತಂದೆ ಇರಲಿಲ್ಲವಾದ್ದರಿಂದ ದೊಡ್ಡಪ್ಪನೇ ಮದುಮಗಳನ್ನು ಒಪ್ಪಿಸಿಕೊಟ್ಟರು. ಮದುವೆಯಾದ ಮೇಲೂ ಅವಳ ಮನೆತನದ ಹೆಸರು ಬದಲಾಗಲಿಲ್ಲ.

ಇಷ್ಟೆಲ್ಲ ಗೊತ್ತಿದ್ದರೂ, 1935ರಲ್ಲಿ ಮನೆತನದ ಬಗ್ಗೆ ಕೇಳಿದವರಿಗೆ ಅಧ್ಯಕ್ಷ ಫ್ರಾಂಕ್ಲಿನ್ ಬರೆದ ಉತ್ತರದಲ್ಲಿ ಒಂದು ಮಾತಿತ್ತು. ಕ್ಲಾಸ್ ಹಾಲೆಂಡಿನ ಯಾವ ಊರಿನವನೋ, ಅವನ ತಂದೆತಾಯಿ ಯಾರೋ ತನಗೆ ತಿಳಿಯದು ಎಂದು. ಅಷ್ಟು ದೊಡ್ಡ ದೇಶ ಆಳುವವರಿಗೂ ದಾರ ಅಲ್ಲಿಗೇ ಕಡಿದಿತ್ತು. ಹೆಸರಿನೊಳಗೆ ಕುಳಿತಿದ್ದ ಮಾರ್ಟೆನ್ ಎಂಬ ಅಪ್ಪ ಒಬ್ಬನೇ ಉಳಿದಿದ್ದ. ಅಮ್ಮನಿಗೆ ಆ ಹೆಸರಿನಲ್ಲಿ ಜಾಗವೇ ಇರಲಿಲ್ಲ.

ಮೊಮ್ಮಗಳು ಸುಮ್ಮನಾಗಲಿಲ್ಲ. “ಅಜ್ಜಾ, ನಿಮ್ಮ ಅಜ್ಜಿಯ ಹೆಸರೇನು?” ಎಂದಳು. ನನಗೆ ಬಾಯಿ ಕಟ್ಟಿತು. ಅವರ ಕೈತುತ್ತು ನೆನಪಿದೆ, ಸೀರೆಯ ಬಣ್ಣ ನೆನಪಿದೆ. ಹೆಸರು? ಎಲ್ಲರೂ ‘ಅವ್ವ’ ಎನ್ನುತ್ತಿದ್ದರು. ಕೇಳೋಣವೆಂದರೆ ತಿಳಿದವರು ಯಾರೂ ಈಗ ಇಲ್ಲ.

ಅದಕ್ಕೇ ಈ ಭಾನುವಾರ ಒಂದು ಕೆಲಸ ಮಾಡಿ. ಹಾಳೆಯ ಕೆಳಗೆ ನಿಮ್ಮ ಹೆಸರು ಬರೆಯಿರಿ, ಮೇಲೆ ಅಪ್ಪ ಅಮ್ಮ, ಅದರ ಮೇಲೆ ಎರಡೂ ಕಡೆಯ ಅಜ್ಜ ಅಜ್ಜಿ. ಅವರ ಪಕ್ಕದಲ್ಲಿ ಕುಳಿತು, ಅವರ ಅಪ್ಪ ಅಮ್ಮಂದಿರ ಹೆಸರನ್ನೂ ಊರನ್ನೂ ಕೇಳಿ ತುಂಬಿಸಿ. ಅಜ್ಜ ಅಜ್ಜಿಯರೇ, ಮಕ್ಕಳು ಕೇಳದಿದ್ದರೆ ನೀವೇ ಕರೆದು ಹೇಳಿ. ಅಜ್ಜಿಯರ ಹೆಸರನ್ನು ಮೊದಲು ಬರೆಸಿ.