ಊರೂರು ದುಡಿದ ಗೋಲುಗಾರ

ಮಗ ಪುಸ್ತಕ ಬಿಟ್ಟು ಚೆಂಡಿನ ಹಿಂದೆ ಓಡುತ್ತಾನೆ ಎಂಬ ದೂರು ಬಳ್ಳಾರಿಯ ಮನೆಗಳಿಗೆ ಹೊಸದಲ್ಲ. ಸಿರುಗುಪ್ಪದಿಂದಲೋ ಕುರುಗೋಡಿನಿಂದಲೋ ಬೆಳಗಿನ ಬಸ್ಸು ಹಿಡಿದು ಕಾಲೇಜಿಗೆ ಬರುವ ಹುಡುಗ ಸಂಜೆ ಮೈದಾನದಲ್ಲೇ ಉಳಿದರೆ ಅಪ್ಪನ ಪ್ರಶ್ನೆ ಒಂದೇ: 'ಫುಟ್‌ಬಾಲ್ ಆಡಿ ಏನಾಗ್ತೀಯೋ? ಪೆಲೆ ಆಗ್ತೀಯಾ?' ಪೆಲೆ ಆಗದಿದ್ದರೆ ಏನೂ ಆದಂತಲ್ಲ ಎಂಬ ಲೆಕ್ಕ ಈ ಮಾತಿನೊಳಗಿದೆ. ಆ ಲೆಕ್ಕ ಸರಿಯೇ?

ಉತ್ತರ ಪೆಲೆಯ ನಾಡಿನಲ್ಲೇ ಇದೆ. ಬ್ರೆಜಿಲ್‌ನಲ್ಲಿ ಚೆಂಡು ಒದೆಯುವ ಮಕ್ಕಳಿಗೆ ಲೆಕ್ಕವಿಲ್ಲ. ದೇಶದ ಹಳದಿ ಅಂಗಿ ತೊಡುವವರು ಮಾತ್ರ ಬೆರಳೆಣಿಕೆಯಷ್ಟು. ಉಳಿದವರಲ್ಲಿ ಅನೇಕರು ಕಾಲ್ಚಳಕವನ್ನೇ ಬಂಡವಾಳ ಮಾಡಿಕೊಂಡು ಪರದೇಶಗಳಿಗೆ ದುಡಿಯಲು ಹೊರಡುತ್ತಾರೆ. ಕ್ಲೇಟನ್ ಸಿಲ್ವಾ ಅಂಥವರಲ್ಲೊಬ್ಬರು.

1987ರಲ್ಲಿ ಹುಟ್ಟಿದ ಈ ಮುನ್ಪಡೆ ಆಟಗಾರ ಬ್ರೆಜಿಲ್ ತಂಡಕ್ಕೆ ಎಂದೂ ಆಡಲಿಲ್ಲ. ಯುರೋಪಿನ ದೊಡ್ಡ ಕ್ಲಬ್ಬುಗಳೂ ಕರೆಯಲಿಲ್ಲ. ಅವರು ಹೋದದ್ದು ಥಾಯ್ಲೆಂಡಿಗೆ. ಅಲ್ಲಿ ಒಸೊತ್‌ಸ್ಪಾ, ಬಿಇಸಿ ತೆರೊ, ಮುವಾಂಗ್‌ಥಾಂಗ್. ನಡುವೆ ಚೀನಾದ ಶಾಂಘೈ ಶೆನ್‌ಶಿನ್. ಮರಳಿ ಥಾಯ್ಲೆಂಡಿನ ಚಿಯಾಂಗ್‌ರಾಯ್, ಸುಫನ್‌ಬುರಿ. 2012ರಲ್ಲಿ 24 ಗೋಲು ಹೊಡೆದು ಥಾಯ್ ಲೀಗಿನ ಅಗ್ರ ಗೋಲುಗಾರರ ಸ್ಥಾನ ಹಂಚಿಕೊಂಡರು. ಆ ಲೀಗಿನಲ್ಲಿ ನೂರು ಗೋಲು ಮುಟ್ಟಿದ ಮೊದಲ ವಿದೇಶಿ ಆಟಗಾರ ಅವರೇ.

2020ರಲ್ಲಿ, 33ನೇ ವಯಸ್ಸಿನಲ್ಲಿ, ಅವರನ್ನು ಕರೆತಂದದ್ದು ಬೆಂಗಳೂರು ಎಫ್‌ಸಿ. ಬಳ್ಳಾರಿಯವರು 'ಜಿಂದಾಲ್' ಎನ್ನುವ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಒಡೆಯರಾದ ಜೆಎಸ್‌ಡಬ್ಲ್ಯು ಸಮೂಹದ್ದೇ ಈ ಕ್ಲಬ್ಬು. 2018ರಲ್ಲಿ ತೆರೆದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯೂ ಆ ಕಾರ್ಖಾನೆಯ ನೆರೆಯಲ್ಲೇ ಇದೆ. ಕ್ಲಬ್ಬು ಎಳೆಯ ಆಟಗಾರರನ್ನು ಊಟ ವಸತಿ ಕೊಟ್ಟು ತರಬೇತುಗೊಳಿಸಿದ್ದೂ ಅಲ್ಲಿಯೇ.

ವಿದೇಶಿ ಆಟಗಾರನ ಬದುಕು ನೆರಳಿನ ಕೆಲಸವಲ್ಲ. 2021-22ರಿಂದ ಇಂಡಿಯನ್ ಸೂಪರ್ ಲೀಗಿನಲ್ಲಿ ಒಂದು ತಂಡ ಏಕಕಾಲಕ್ಕೆ ಮೈದಾನಕ್ಕಿಳಿಸಬಹುದಾದ ವಿದೇಶಿಯರು ನಾಲ್ವರೇ. ಗೋಲು ನಿಂತರೆ ಕರಾರೂ ನಿಲ್ಲುತ್ತದೆ. ಸಿಲ್ವಾ ಬೆಂಗಳೂರಿಗೆ ಆಡಿದ ಎರಡು ಲೀಗ್ ಋತುಗಳೂ ಕೊರೊನಾ ಕಾರಣ ಗೋವಾದಲ್ಲೇ ನಡೆದವು. ತಂಡದ ಹೆಸರು ಬೆಂಗಳೂರು. ಆದರೆ ಕಂಠೀರವ ಕ್ರೀಡಾಂಗಣದ ಜನರೆದುರು ಆ ತಂಡದ ಪರ ಒಂದು ಲೀಗ್ ಪಂದ್ಯವನ್ನೂ ಅವರು ಆಡಲಿಲ್ಲ.

2022ರಲ್ಲಿ ಅವರು ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ಆ ವರ್ಷದ ನವೆಂಬರ್ 11ರಂದು ಈಸ್ಟ್ ಬೆಂಗಾಲ್ ಕಂಠೀರವಕ್ಕೆ ಬಂತು. ಪಂದ್ಯದ ಏಕೈಕ ಗೋಲು ಸಿಲ್ವಾ ಅವರದು. ಬೆಂಗಳೂರಿನ ಜನ ಕೊನೆಗೂ ಅವರ ಲೀಗ್ ಗೋಲನ್ನು ಕಣ್ಣಾರೆ ಕಂಡರು, ತಮ್ಮ ತಂಡದ ಸೋಲಿನಲ್ಲಿ! ಕೂಲಿಗೆ ಆಡುವವನ ಬದುಕಿನಲ್ಲಿ ಇದು ದ್ರೋಹವಲ್ಲ, ದಿನದ ದುಡಿಮೆ.

ಆ ಋತುವಿನಲ್ಲಿ ಈಸ್ಟ್ ಬೆಂಗಾಲ್ ಒಂಬತ್ತನೇ ಸ್ಥಾನದಲ್ಲೇ ಉಳಿಯಿತು. ಸಿಲ್ವಾ ಮಾತ್ರ 12 ಗೋಲು ಹೊಡೆದು ಲೀಗಿನ ಅಗ್ರ ಗೋಲುಗಾರರ ಸಾಲಿನಲ್ಲಿ ನಿಂತರು. ತಂಡ ಕುಸಿದಿದೆಯೆಂದು ತಮ್ಮ ಪಾಲಿನ ಕೆಲಸವನ್ನು ಸಡಿಲಿಸಲಿಲ್ಲ. ಫಲ 2024ರ ಜನವರಿ 28ರಂದು ಕೈಸೇರಿತು. ಭುವನೇಶ್ವರದಲ್ಲಿ ಸೂಪರ್ ಕಪ್ ಫೈನಲ್, ಎದುರಾಳಿ ಒಡಿಶಾ. ಹೆಚ್ಚುವರಿ ಅವಧಿಯ 111ನೇ ನಿಮಿಷದಲ್ಲಿ ಸಿಲ್ವಾ ಹೊಡೆದ ಗೋಲು ತಂಡಕ್ಕೆ 3-2 ಗೆಲುವು ತಂದಿತು. ಹನ್ನೆರಡು ವರ್ಷಗಳ ಬಳಿಕ ಕ್ಲಬ್ಬಿಗೆ ದೊರೆತ ರಾಷ್ಟ್ರಮಟ್ಟದ ಪ್ರಶಸ್ತಿಯದು. ಗೋಲು ಹೊಡೆದವರಿಗೆ ಆಗ 36 ದಾಟಿತ್ತು. ಮರುವರ್ಷದ ಆರಂಭದಲ್ಲಿ ಅದೇ ಕ್ಲಬ್ಬು ಅವರನ್ನು ಬೀಳ್ಕೊಟ್ಟಿತು. ಕಪ್ ಗೆದ್ದುಕೊಟ್ಟ ಋಣ ಒಂದು ವರ್ಷ ಬಾಳಿತು, ಅಷ್ಟೇ.

ಹಾಗಾದರೆ ಈ ಬಾಳಿನಿಂದ ಕಲಿಯಬೇಕಾದ್ದೇನು? ಆಟವನ್ನೇ ನಂಬಿ ಓದು ಬಿಡಿ ಎಂದಲ್ಲ. ಆಟಗಾರನ ದುಡಿಮೆ ನಲವತ್ತಕ್ಕೆ ಮೊದಲೇ ಮುಗಿಯುತ್ತದೆ. ಒಂದು ಪೆಟ್ಟು ಅದನ್ನು ಇಪ್ಪತ್ತಕ್ಕೂ ಮುಗಿಸಬಹುದು. ಓದು ಜೊತೆಗಿರಲೇಬೇಕು. ಆದರೆ ಪೆಲೆ ಮತ್ತು ಸೋಲು ಇವೆರಡರ ನಡುವೆ ಬೇರೇನೂ ಇಲ್ಲ ಎಂದು ಪಾಲಕರು ತಿಳಿಯಬೇಕಾಗಿಲ್ಲ. ನಡುವೆ ವಿಶಾಲವಾದ ಬಯಲಿದೆ. ಕಲಿತ ಕಸುಬನ್ನು ಪರಭಾಷೆಯ ನಾಡಿನಲ್ಲೂ ಅಚ್ಚುಕಟ್ಟಾಗಿ ಮಾಡಿ, ಸಂಬಳ ಪಡೆದು, ತಲೆಯೆತ್ತಿ ಮುಂದಿನ ಊರಿಗೆ ನಡೆಯುವವರ ಬಯಲು ಅದು.

ಸಿರುಗುಪ್ಪದ ಕಾಲುವೆ ಬಯಲಿನಲ್ಲಿ ಭತ್ತದ ನಾಟಿಗೆ ಬರುವ ಆಳುಗಳು ಒಂದು ಗದ್ದೆ ಮುಗಿಸಿ ಇನ್ನೊಂದಕ್ಕೆ ಇಳಿಯುತ್ತಾರೆ. ಗದ್ದೆ ಯಾರದೆಂದು ನೋಡಿ ಸಸಿಯನ್ನು ಸೊಟ್ಟ ನೆಡುವುದಿಲ್ಲ. ಸಿಲ್ವಾ ಮಾಡಿದ್ದೂ ಅದನ್ನೇ. ಸಂಜೆಯ ಕೊನೆಯ ಬಸ್ಸಿಗೆ ಮಣ್ಣು ಮೆತ್ತಿದ ಬೂಟು ಹಿಡಿದು ಹತ್ತುವ ಹುಡುಗನನ್ನು ಮನೆಯಲ್ಲಿ ಇನ್ನು ಬೇರೆ ಪ್ರಶ್ನೆ ಕೇಳಬಹುದು: 'ಇವತ್ತು ಏನು ಕಲಿತೆ?'