ವಿದ್ಯಾದಾನವೋ, ವಿದ್ಯಾವಿಕ್ರಯವೋ?

“ಶುಲ್ಕ ಹೆಚ್ಚಿದ್ದರೆ ತಾನೇ ಶಾಲೆ ಒಳ್ಳೆಯದು?” ಈ ಮಾತು ಇಂದು ನಮ್ಮ ಮನೆಗಳಲ್ಲಿ ನಿತ್ಯಪಾಠದಂತೆ ಕೇಳಿಬರುತ್ತಿದೆ. ಯಾರೂ ದಂಡ ಹಿಡಿದು ಇದನ್ನು ಹೇಳಿಸಲಿಲ್ಲ, ನಾವಾಗಿಯೇ ಹೇಳುತ್ತಿದ್ದೇವೆ. ಅಪಾಯವಿರುವುದೇ ಅಲ್ಲಿ.

ಇಟಲಿಯ ಚಿಂತಕ ಆಂಟೋನಿಯೊ ಗ್ರಾಂಶಿ, ಮುಸೊಲಿನಿಯ ಸೆರೆಮನೆಯಲ್ಲಿ 1929ರಿಂದ ಬರೆದ ಟಿಪ್ಪಣಿಗಳಲ್ಲಿ ಇದನ್ನೇ ವಿಶ್ಲೇಷಿಸಿದನು. ಆಳುವ ವರ್ಗ ಕೇವಲ ಬಲದಿಂದ ಆಳುವುದಿಲ್ಲ. ಶಾಲೆ, ಪತ್ರಿಕೆ, ಧರ್ಮಸಂಸ್ಥೆಗಳ ಮೂಲಕ ತನ್ನ ಹಿತವನ್ನೇ ಎಲ್ಲರ ಹಿತವೆಂದು ನಂಬಿಸಿ, ಆಳಿಸಿಕೊಳ್ಳುವವರ ಸಮ್ಮತಿಯಿಂದಲೇ ಆಳುತ್ತದೆ. ಇದೇ ‘ಯಜಮಾನಿಕೆ’. ಸಕಲವನ್ನೂ ಮಾರುಕಟ್ಟೆಯ ತಕ್ಕಡಿಯಲ್ಲಿ ತೂಗುವ ನವ ಉದಾರವಾದವು ವಿದ್ಯಾಕ್ಷೇತ್ರದಲ್ಲಿ ಇಂಥ ಯಜಮಾನಿಕೆಯನ್ನು ಪಡೆದ ಬಗೆಗೆ ಕರ್ನಾಟಕದ ಚರಿತ್ರೆಯೇ ಸಾಕ್ಷಿ.

ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸಿ ನಮ್ಮ ರಾಜ್ಯವು 1984ರಲ್ಲಿಯೇ ಶಾಸನ ಮಾಡಿತ್ತು. ಆದರೂ 1989ರ ಸರ್ಕಾರಿ ಅಧಿಸೂಚನೆಯು ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000ದವರೆಗೆ ಶುಲ್ಕಕ್ಕೆ ಅನುವು ಮಾಡಿಕೊಟ್ಟಿತು. ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1992ರಲ್ಲಿ, ಈ ಹೆಚ್ಚುವರಿ ಶುಲ್ಕ ಕ್ಯಾಪಿಟೇಷನ್ನೇ ಹೊರತು ಬೇರೆಯಲ್ಲವೆಂದು ತಳ್ಳಿಹಾಕಿ, ಶಿಕ್ಷಣವು ಪ್ರಜೆಯ ಹಕ್ಕೆಂದು ಸಾರಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠವು ಲಾಭಕೋರತನವನ್ನು ನಿಷೇಧಿಸಿತಾದರೂ, ವಿದ್ಯಾಸಂಸ್ಥೆ ನಡೆಸುವುದನ್ನು ಸಂವಿಧಾನದ 19ನೆಯ ವಿಧಿಯ ಉದ್ಯೋಗಗಳ ಸಾಲಿಗೆ ಸೇರಿಸಿತು. ಹತ್ತೇ ವರ್ಷಗಳಲ್ಲಿ ತಕ್ಕಡಿಯು ಕಲಿಯುವವನ ಹಕ್ಕಿನಿಂದ ನಡೆಸುವವನ ಹಕ್ಕಿನ ಕಡೆಗೆ ವಾಲಿತು. ನಾವು ಪ್ರತಿಭಟಿಸಿದೆವೇ? ಇಲ್ಲ, ಸರದಿಯಲ್ಲಿ ನಿಂತು ಅರ್ಜಿ ಪಡೆದೆವು.

2009ರ ಶಿಕ್ಷಣ ಹಕ್ಕು ಕಾಯಿದೆಯು ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ಶೇ. 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿರಿಸಿತು. ಜನವರಿ 2014ರಲ್ಲಿ ಜೈನ ಸಮಾಜಕ್ಕೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸ್ಥಾನ ಲಭಿಸಿತು. ಅದೇ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತ ಶಾಲೆಗಳನ್ನು ಆ ಕಾಯಿದೆಯಿಂದ ಹೊರಗಿಟ್ಟಿತು. ಟ್ರಸ್ಟುಗಳ ಪದಾಧಿಕಾರಿಗಳಲ್ಲಿ ನಮ್ಮ ಪ್ರಶ್ನೆ ಇಷ್ಟೇ: ಈ ವಿನಾಯಿತಿಯ ಉದ್ದೇಶ ಸಂಸ್ಕೃತಿಯ ರಕ್ಷಣೆಯೋ, ಶುಲ್ಕದ ರಕ್ಷಣೆಯೋ?

“ಶುಲ್ಕವಿಲ್ಲದೆ ಅಧ್ಯಾಪಕರ ಸಂಬಳ ಹೇಗೆ?” ಎನ್ನುವವರುಂಟು. ನ್ಯಾಯವಾದ ಪ್ರಶ್ನೆ. ಶುಲ್ಕ ಪಡೆಯುವುದು ದೋಷವಲ್ಲ. ಶುಲ್ಕವನ್ನೇ ವಿದ್ಯೆಯ ಅಳತೆಗೋಲಾಗಿಸಿ, ಬಡವನ ಮಗುವನ್ನು ಬಾಗಿಲಲ್ಲೇ ತಡೆಯುವುದು ದೋಷ. ಪರಿಗ್ರಹಕ್ಕೆ ಪರಿಮಾಣವಿರಬೇಕೆಂಬ ವ್ರತವು ಗೃಹಸ್ಥನಿಗೆ ಮಾತ್ರವೇ? ಸಂಸ್ಥೆಗೆ ಬೇಡವೇ?

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ನಾವು ಬಲ್ಲೆವು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರತಿ ಸಮಾರಂಭದಲ್ಲೂ ಕೊಂಡಾಡುತ್ತೇವೆ. ಅವಳು ಒಂದು ಪ್ರತಿಗೂ ಬೆಲೆ ಕಟ್ಟಲಿಲ್ಲ. ಆದ್ದರಿಂದ ಪ್ರತಿಯೊಂದು ಟ್ರಸ್ಟೂ ತನ್ನ ಶಾಲೆಯ ಆಯವ್ಯಯವನ್ನು ಸಮಾಜದ ಸಭೆಯ ಮುಂದಿಡಲಿ; ಕಾನೂನಿನ ಒತ್ತಾಯವಿಲ್ಲದೆಯೇ ಕಾಲುಭಾಗ ಸ್ಥಾನಗಳನ್ನು ಬಡ ಮಕ್ಕಳಿಗೆ, ಜಾತಿ ಮತ ನೋಡದೆ, ತೆರೆದಿಡಲಿ. ಕಾನೂನು ಬಿಟ್ಟುಕೊಟ್ಟಿದ್ದನ್ನು ಧರ್ಮ ಬಿಟ್ಟುಕೊಡಲಾರದು.